ಖಾಕಿ ಜೇಬು

ಆಗ ಧಾರವಾಡದಲ್ಲಿ, ಒಡೆಯರು ಮನಸಾರೆ ಬಿಟ್ಟುಕೊಡದ ವಸ್ತುವನ್ನು ಕತ್ತರಿಸಿದರೆ ಅದು ತೆವಳುತ್ತ ಅವರ ಬಳಿಗೇ ಮರಳುತ್ತಿತ್ತು. ಕೌದಿ ಹೊಲಿಯುವವರು ಹಳೆ ಸೀರೆ ತಂದವರಿಂದ "ಕೊಟ್ಟೆ" ಅನ್ನಿಸಿಕೊಂಡೇ ಕತ್ತರಿ ಹಿಡಿಯುತ್ತಿದ್ದರು.

ಬಟ್ಟೆಯ ಚೂರುಗಳನ್ನು ಅಂಟಿಸಿ ಚಿತ್ರ ಮಾಡುವ ಕೊಲಾಜ್ ಕಲಾವಿದೆ ಸುಗಂಧಾಳ ದೊಡ್ಡ ಚಿತ್ರದಿಂದ, ತೀರಿಹೋದ ಅಣ್ಣನ ಖಾಕಿ ಅಂಗಿಯ ಜೇಬು ಮತ್ತೆ ಕಳಚಿಕೊಂಡು ಬಾಗಿಲತ್ತ ಹೊರಟಿತ್ತು. ಆ ಅಂಗಿ ಕೊಟ್ಟವರು ಅಣ್ಣನ ಹೆಂಡತಿ, ಇಂದುಮತಿ ವೈನಿ.

"ಮೊಳೆ ಹೊಡೀರಿ ಮೇಡಂ, ಮಂದಿ ಬರೂ ಹೊತ್ತಾತು," ಎಂದರು ಗ್ಯಾಲರಿಯವರು.

"ಅದಕ್ಕ ಮನಸಿಲ್ಲಂದ್ರ ನಾ ಬಡದು ಕೂಡಸೂದಿಲ್ರಿ. ಪ್ರದರ್ಶನಾನೂ ನಿಲ್ಲಸೂದಿಲ್ಲ."

ಸುಗಂಧಾ ಜೇಬನ್ನು ಎತ್ತಿಕೊಂಡು ಆಟೋ ಹತ್ತಿ ವೈನಿಯ ಮನೆಗೆ ಹೋದಳು. ಅದನ್ನು ಕಂಡೊಡನೆ ವೈನಿಯ ಕಣ್ಣು ತುಂಬಿ ಬಂತು.

"ಬಾಯಿಲೆ ಕೊಟ್ಟೆ ಅಂದೆ ಸುಗಂಧಾ, ಮನಸು ಒಪ್ಪವಲ್ದು."

"ಹಂಗಾರ ಇದು ನಿಮ್ಮ ಹಂತೇಕನ ಇರಲಿ, ವೈನಿ. ಆ ಜಾಗಾ ಖಾಲಿ ಬಿಟ್ಟ ತೋರಸ್ತೀನಿ."

ಅವಳು ಮೆಟ್ಟಿಲಿಳಿಯುವಷ್ಟರಲ್ಲಿ ವೈನಿ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಬಂದರು. "ಕೊಡೂದಂತೂ ಇಲ್ಲ. ಹಿಡಕೊಂಡು ನಿಂದರತೀನಿ, ನಡಿ."

ಸಂಜೆಯವರೆಗೂ ವೈನಿ ಜೇಬನ್ನು ಅಂಗೈಯಿಂದ ಚಿತ್ರಕ್ಕೆ ಒತ್ತಿ ಹಿಡಿದು ನಿಂತಿದ್ದರು. ಬಂದವರೆಲ್ಲ ಆ ಕೈಯನ್ನೂ ಚಿತ್ರದ ಭಾಗವೆಂದೇ ನೋಡಿದರು. ಅಲ್ಲವೆಂದು ಸುಗಂಧಾ ಯಾರಿಗೂ ಹೇಳಲಿಲ್ಲ.