ಬಳೆಯಡಿಯ ನರ
ಗಂಡನ ಜೊತೆ ಬೈಕಿನಿಂದ ಬಿದ್ದ ಕಸ್ತೂರಿಯ ಬಲಗೈ ಪ್ಲಾಸ್ಟರಿನಲ್ಲಿತ್ತು. ಎಡಗೈಗೆ ಸಲೈನ್ ಹನಿಸುತ್ತಿದ್ದ ಕ್ಯಾನುಲಾದ ಸುತ್ತ ಬಾವು ಬಂದಿತ್ತು. ನರ್ಸ್ ಅದನ್ನು ತೆಗೆದು, ಹೊಸದನ್ನು ಬಿಚ್ಚಿ, ಮೊಣಕೈ ಹತ್ತಿರ ಚುಚ್ಚಿ ನೋಡಿದಳು. ನರ ಸಿಗಲಿಲ್ಲ.

"ಮಣಿಕಟ್ಟಿನ್ಯಾಗ ಚಲೋ ನರ ಐತ್ರಿ ಅಕ್ಕಾ. ಬಳಿ ತಗದ್ರ ಆತು."

"ಬಳಿ ಮಾತ್ರ ಬ್ಯಾಡ್ರಿ ಸಿಸ್ಟರ್. ನಮ್ಮನಿಯವ್ರು ಅಲ್ಲಿ ಐಸಿಯುದಾಗ ಮಲಗ್ಯಾರ. ಇಂಥಾ ಹೊತ್ತಿನ್ಯಾಗ ಕೈ ಬರಿದು ಮಾಡಿದ್ರ ನಮ್ಮತ್ತಿ ಸುಮ್ನ ಬಿಡ್ತಾರೇನ್ರಿ?"

ಅತ್ತೆ ಅಂಥವಳೇ. ಬಳೆಗಾರ ಮನೆಗೆ ಬಂದಾಗಲೂ ಸೊಸೆಯ ಮಣಿಕಟ್ಟಿಗೆ ಅರಿಸಿನದ ದಾರ ಕಟ್ಟಿದ ಮೇಲಷ್ಟೇ ಹಳೆಯ ಬಳೆ ತೆಗೆಯಲು ಬಿಡುತ್ತಿದ್ದಳು. ಮುತ್ತೈದೆಯ ಕೈ ಒಂದು ಗಳಿಗೆಯೂ ಬರಿದಾಗಿರಬಾರದು ಎಂಬುದು ಅವಳ ಹಟ.

"ಬೇಕಾದ್ರ ಅವರನ್ನ ಕೇಳ್ರಿ. ನಿಮಗೂ ಬೈಗುಳ ಬೀಳ್ತಾವ," ಎಂದು ಕಸ್ತೂರಿ ನೋವಿನಲ್ಲೂ ನಕ್ಕಳು.

ಬಾಗಿಲಲ್ಲಿ ನಿಂತಿದ್ದ ಅತ್ತೆ ಒಳಗೆ ಬಂದು ಸೊಸೆಯ ತಲೆ ಸವರಿದಳು.

"ತಗೀರಿ ಬಿಡವ್ವಾ," ಎಂದಳು ನರ್ಸಿಗೆ. "ಪಾಪ, ಎಷ್ಟಂತ ಚುಚ್ಚಿಸ್ಕೋತಾಳ."

ನರ್ಸ್ ಬಳೆಗೆ ಕೈ ಹಾಕಿದಳು. ಕಸ್ತೂರಿ ತಡೆಯಲಿಲ್ಲ.

"ಅತ್ತೀ, ಅವರು ಹೋಗಿ ಎಷ್ಟೊತ್ತಾತ್ರಿ?"