ಬಾಯಿಗೆ ಬಿದ್ದ ಮಣ್ಣು

ಅಂದು ಬೆಳಗ್ಗೆ ಎಳೆಬಿಸಿಲು ಹರಡಿತ್ತು; ಲೈನ್ ಕೆಡಲು ಮಳೆಗಾಳಿಯ ನೆಪವೂ ಇರಲಿಲ್ಲ. ಮಗಳ ಆನ್‌ಲೈನ್ ಪರೀಕ್ಷೆಯ ಹೊತ್ತಿಗೆ ಇಂಟರ್‌ನೆಟ್ ನಿಂತಿತ್ತು. ಇಂದುಮತಿ ಫೋನಿನಲ್ಲಿ ಲೈನ್‌ಮನ್ ಹಾಲಪ್ಪನಿಗೆ, "ಬಂದೆ ಬಂದೆ ಅಂತ ಎಷ್ಟು ಸಲ ಹೇಳ್ತೀಯ? ನಿನ್ನ ಬಾಯಿಗೆ ಮಣ್ಣು ಬೀಳ!" ಎಂದುಬಿಟ್ಟಳು.

ಬೈದದ್ದು ಬೈದಂತೆಯೇ ಆಗುವ ಊರು ಅದು. ಹಾಲಪ್ಪ ಎಂದಿನಂತೆ ನೀರಿನ ಬಾಟಲಿ, ಟವೆಲ್ ಹಿಡಿದೇ ಬಂದ. ಬಾಯ್ತುಂಬ ಮಣ್ಣು, ಕೆನ್ನೆ ಉಬ್ಬಿತ್ತು. ಆರಿದ್ದ ರೂಟರ್ ನೋಡಿ ದೇವರಮನೆಯತ್ತ ಬೆರಳು ತೋರಿಸಿದ. ಗೌರಿಯ ಮುಂದೆ ಸೀರಿಯಲ್ ಸೆಟ್ ಮಿನುಗುತ್ತಿತ್ತು. ಅದನ್ನು ಹಾಕಲು ಮುಂಜಾನೆ ರೂಟರಿನ ಪ್ಲಗ್ ಕಿತ್ತವಳು ಇಂದುಮತಿಯೇ.

ಇಂದುಮತಿ ನಾಚಿಕೆಯಿಂದ ಕುಗ್ಗಿಹೋದಳು. "ತಪ್ಪಾಯ್ತು ಹಾಲಪ್ಪಣ್ಣ," ಎಂದು ಸೆರಗೊಡ್ಡಿದಳು.

ಹಾಲಪ್ಪ ಪ್ಲಗ್ ಚುಚ್ಚಿದ. ಬಾಯಲ್ಲಿದ್ದುದನ್ನು ಟವೆಲಿಗೆ ಉಗಿದು, "ಇರ್ಲಿ ಬಿಡಕ್ಕ, ಪಕ್ಕದ ಬೀದಿಯವರು ಬೈದು ಬಾಯಿಗೆ ಕಲ್ಲೇ ಹಾಕಿದ್ರು," ಎಂದು ನಕ್ಕ. ಆಮೇಲೆ ಆ ಒದ್ದೆ ಮಣ್ಣನ್ನು ಮೆಲ್ಲನೆ ಅವಳ ಸೆರಗಿಗೆ ಹಾಕಿದ.