ಗಡಿಯಲ್ಲಿ ಗಂಡನ ಹೆಸರು

"ಗಂಡನ ಹೆಸರೇನವ್ವಾ?" ಗೋವೆಯ ಗಡಿ ಠಾಣೆಯಲ್ಲಿ ದುಭಾಷಿ ಮೂರನೇ ಸಲ ಕೇಳಿದ. ಕಾಶೆವ್ವ ಕೈಯಲ್ಲಿದ್ದ ಕಾಗದವನ್ನು ಮುಂದಕ್ಕೆ ಚಾಚಿದಳು. ಗಂಡನ ಹೆಸರು ಹಿಡಿದು ಹೇಳುವ ಹೆಣ್ಣು ಅವಳ ಅಜ್ಜಿಯ ಕಥೆಗಳಲ್ಲೂ ಇರಲಿಲ್ಲ.

"ಕಾಗದದಾಗ ಬರದೈತಲ್ರಿ, ಓದ್ಕೋರಿ."

"ನಿನ್ನ ಬಾಯಿಲೆ ಬರಬೇಕು. ಇಲ್ಲಾಂದ್ರ ವಾಸದ ಪರವಾನಗಿ ಇಲ್ಲ. ನಿಮ್ಮೂರು ಘಟಪ್ರಭಾಕ್ಕ ಹೊಳ್ಳಿ ಹೋಗೂದ."

ಬಂದರಿನಲ್ಲಿ ದುಡಿಯುವ ಗಂಡನನ್ನು ನೋಡಿ ಎರಡು ವರ್ಷವಾಗಿತ್ತು. ಪೋರ್ತುಗೀಜ್ ಸಾಹೇಬ ಕಾಗದವನ್ನು ಪಕ್ಕಕ್ಕೆ ಸರಿಸಿದಾಗ, ಮದುವೆಯಲ್ಲಿ ನಾದಿನಿಯರು ಬಾಗಿಲು ತಡೆದು, ಗಂಡನ ಹೆಸರು ಪ್ರಾಸದಲ್ಲಿ ಹೆಣೆದ ಒಡಪು ಹೇಳಿಸಿದ್ದು ಅವಳಿಗೆ ನೆನಪಾಯಿತು. ಒಡಪು ಕಟ್ಟಿದರೆ ಹೆಸರು ಹೇಳಬಹುದಲ್ಲ. ಸೆರಗು ಸರಿಮಾಡಿಕೊಂಡು ರಾಗವೆಳೆದಳು:

"ಧುಪದಾಳ ಒಡ್ಡಿನಾಗ ನೀರು ನಿಂತಾವ ತುಂಬಿ,
ದುಂಡಪ್ಪನವರ ಕಡೆ ಹೊಂಟೇನಿ ನಿಮ್ಮ ಮುದ್ರಿ ನಂಬಿ."

ದುಭಾಷಿ ನಕ್ಕು ಸಾಹೇಬನಿಗೆ ತಿಳಿಸಿ ಹೇಳಿದ. ಮುದ್ರೆ ಧಡ್ಡನೆ ಬಿತ್ತು.

"ಸಾಹೇಬ್ರು ಇನ್ನೊಮ್ಮೆ ಹೇಳಂತಾರವ್ವಾ."

"ಪುಕ್ಕಟೆ ಒಂದ ಸಲಾರಿ," ಎನ್ನುತ್ತ ಕಾಶೆವ್ವ ಕಾಗದವನ್ನು ಎದೆಗವಚಿಕೊಂಡು ಗಾಡಿಯತ್ತ ನಡೆದಳು.